ಎರಡು ಅಡಿ ಕಲ್ಲಿನ ಗೋಡೆ ದಾಟಿ ಇಂಟರ್ನೆಟ್ ಹೋಗಬೇಕು: ಯಾವ ಸಾಮಾನು ಕೊಳ್ಳಲಿ?

ಪ್ರಶ್ನೆ: ಸರ್, ನಾನು ಗುಳೇದಗುಡ್ಡದ ನಿವೃತ್ತ ಶಾಲಾ ಶಿಕ್ಷಕಿ. ನಮ್ಮದು ಹಳೆಯ ಮನೆ. ಮುಂದಿನ ಭಾಗ ಪೂರ್ತಿ ಕಲ್ಲಿನ ಗೋಡೆ, ಎರಡು ಅಡಿ ದಪ್ಪ. ಹಿಂದೆ ಆರ್‌ಸಿಸಿ ಹಾಕಿ ಅಡುಗೆ ಮನೆ, ಒಂದು ಬೆಡ್‌ರೂಮ್ ಕಟ್ಟಿಸಿದ್ದೇವೆ. ಅದರ ಮೇಲೆ ಒಂದು ಖೋಲಿ ಇದೆ. ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಆ ಖೋಲಿಯಿಂದಲೇ ಕೆಲಸ ಮಾಡುತ್ತಾಳೆ. 150 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ಅವರು ಕೊಟ್ಟ ಡಬ್ಬಿ ಪಡಸಾಲೆಯಲ್ಲಿ ಟಿವಿ ಹಿಂದೆ ಇದೆ. ಪಡಸಾಲೆಯಲ್ಲಿ ನೆಟ್ ಚೆನ್ನಾಗಿ ಬರುತ್ತದೆ, ಮೇಲೆ ಹೋದರೆ ಮೀಟಿಂಗ್ ನಡುವೆಯೇ ಕಟ್ಟಾಗುತ್ತದೆ. ಸಾವಿರದೈನೂರು ಕೊಟ್ಟು ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಎಕ್ಸ್‌ಟೆಂಡರ್ ತಂದೆವು. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತದೆ, ಸ್ಪೀಡ್ ಮಾತ್ರ ಇಲ್ಲ. ಅಂಗಡಿಯವರು ಆರು ಆಂಟೆನಾದ ಹತ್ತು ಸಾವಿರದ ರೂಟರ್ ತೋರಿಸಿದರು. ಅಳಿಯ ಮೆಶ್ (ಗಾಳಿಯಲ್ಲೇ ಒಂದಕ್ಕೊಂದು ಮಾತಾಡಿಕೊಳ್ಳುವ ವೈಫೈ ಡಬ್ಬಿಗಳ ಸೆಟ್) ತಗೊಳ್ಳಿ ಅನ್ನುತ್ತಾರೆ. ಹಿತ್ತಲಲ್ಲಿ 40 ಮೀಟರ್ ದೂರದಲ್ಲಿ ಮಗ್ಗದ ಶೆಡ್ ಇದೆ, ಅಲ್ಲಿಗೂ ನೆಟ್ ಬೇಕು. ಮುಂದೆ ನಾಲ್ಕು ಕ್ಯಾಮೆರಾ ಹಾಕಿಸಬೇಕು. ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತದೆ. ಸದ್ಯಕ್ಕೆ ಹದಿನೈದು ಸಾವಿರದ ತನಕ ಖರ್ಚು ಮಾಡಬಹುದು. ಯಾವುದು ತಗೊಳ್ಳಲಿ?

ಉತ್ತರ: ಅಕ್ಕೋರೇ, ನಮಸ್ಕಾರ. ಆರು ಆಂಟೆನಾದ ರೂಟರ್ ಬೇಡ. ಮೆಶ್ ಕೂಡ ಬೇಡ. ನಿಮ್ಮ ಮನೆಗೆ ಮೊದಲು ಬೇಕಾಗಿರುವುದು ಪಡಸಾಲೆಯಿಂದ ಮೇಲಿನ ಖೋಲಿಗೆ ಒಂದು ಒಳ್ಳೆಯ ತಾಮ್ರದ ಕೇಬಲ್. ಅದರ ತುದಿಗೆ ಮೂರು ಸಾವಿರದ ಸಾಧಾರಣ ರೂಟರ್ ಸಾಕು. ಜನ ರೂಟರಿಗೆ ಧಾರಾಳವಾಗಿ ದುಡ್ಡು ಹಾಕುತ್ತಾರೆ, ಕೇಬಲ್ ಹತ್ತಿರ ಬಂದಾಗ ಉಳಿಸಲು ನೋಡುತ್ತಾರೆ. ಇದು ಉಲ್ಟಾ ಆಗಬೇಕು. ಸರಿಯಾಗಿ ಹಾಕಿದ ಕೇಬಲ್ ಹದಿನೈದು ಇಪ್ಪತ್ತು ವರ್ಷ ಗೋಡೆಯಲ್ಲೇ ಇರುತ್ತದೆ. ರೂಟರ್ ಐದಾರು ವರ್ಷಕ್ಕೆ ಹಳತಾಗುತ್ತದೆ, ತೆಗೆದು ಬೇರೆ ಇಡುತ್ತೀರಿ.

ನಿಮ್ಮ ಮನೆಯ ತೊಂದರೆ ಇರುವುದು ಗೋಡೆಯಲ್ಲಿ. ನಮ್ಮ ಕಡೆಯ ಹಳೆಯ ಗೋಡೆಗಳನ್ನು ಕಟ್ಟಿದ ರೀತಿ ನಿಮಗೆ ಗೊತ್ತೇ ಇದೆ. ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚಕ್ಕೆ ಕಲ್ಲು ತುಂಬಿರುತ್ತಾರೆ. ಬೇಸಿಗೆಯಲ್ಲಿ ಮನೆ ತಂಪಾಗಿಡುವುದೂ ಇದೇ ಗೋಡೆ, ವೈಫೈ ಅಲೆಯನ್ನು ನುಂಗುವುದೂ ಇದೇ ಗೋಡೆ. ಮಣ್ಣಿನಲ್ಲಿ ತೇವ ಇದ್ದರಂತೂ ಇನ್ನೂ ಜಾಸ್ತಿ ನುಂಗುತ್ತದೆ.

ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡಿನಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್ ಅಲೆ ಗೋಡೆಯನ್ನು ಸ್ವಲ್ಪ ಮಟ್ಟಿಗೆ ದಾಟುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ ಕೊಡುತ್ತದೆ, ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ. ನಿಮ್ಮ ಪಡಸಾಲೆಯಿಂದ ಹೊರಟ 5 ಗಿಗಾಹರ್ಟ್ಸ್ ಅಲೆ ಒಂದು ಕಲ್ಲಿನ ಗೋಡೆ ದಾಟಿ, ಮೇಲೆ ಒಂದು ಸ್ಲ್ಯಾಬನ್ನೂ ದಾಟಿ ಮಗಳ ಲ್ಯಾಪ್‌ಟಾಪ್ ಮುಟ್ಟುವ ಹೊತ್ತಿಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ 2.4ಕ್ಕೆ ಇಳಿಯುತ್ತದೆ. ಅದೂ ಬಲಹೀನ.

ಹಾಗಾದರೆ ದೊಡ್ಡ ರೂಟರ್ ತಂದರೆ ಜೋರಾಗಿ ಕಳಿಸುವುದಿಲ್ಲವೇ? ಎಷ್ಟು ಶಕ್ತಿಯಲ್ಲಿ ಕಳಿಸಬಹುದು ಎಂಬುದಕ್ಕೆ ಸರ್ಕಾರದ ನಿಯಮದ ಮಿತಿ ಇದೆ. ಮೂರು ಸಾವಿರದ ರೂಟರಿಗೂ ಹತ್ತು ಸಾವಿರದ್ದಕ್ಕೂ ಅದೇ ಮಿತಿ. ಇನ್ನೊಂದು ಮಾತು, ವೈಫೈ ಒಂದೇ ಕಡೆಯ ಮಾತಲ್ಲ. ನೀವು ಮೇಷ್ಟ್ರಾಗಿ ದೊಡ್ಡ ದನಿಯಲ್ಲಿ ಪ್ರಶ್ನೆ ಕೇಳಿದರೂ ಹಿಂದಿನ ಬೆಂಚಿನ ಮಗು ಸಣ್ಣ ದನಿಯಲ್ಲಿ ಉತ್ತರ ಕೊಟ್ಟರೆ ನಿಮಗೆ ಕೇಳಿಸುವುದಿಲ್ಲ, ಅಲ್ವಾ? ಇಲ್ಲಿಯೂ ಹಾಗೆಯೇ. ಮಗಳ ಮೀಟಿಂಗಿನಲ್ಲಿ ಅವಳ ಮುಖ, ಅವಳ ದನಿ ಲ್ಯಾಪ್‌ಟಾಪಿನಿಂದ ರೂಟರಿಗೆ ವಾಪಸ್ ಹೋಗಬೇಕು. ಲ್ಯಾಪ್‌ಟಾಪಿನ ಆಂಟೆನಾ ಚಿಕ್ಕದು, ಶಕ್ತಿ ಕಡಿಮೆ. ರೂಟರಿನ ಮೇಲೆ ಎಷ್ಟು ಕೋಡು ನಿಲ್ಲಿಸಿದರೂ ಲ್ಯಾಪ್‌ಟಾಪಿನ ದನಿ ಜೋರಾಗುವುದಿಲ್ಲ.

ಎಕ್ಸ್‌ಟೆಂಡರ್ ಯಾಕೆ ಕೈಕೊಟ್ಟಿತು ಎಂಬುದೂ ಇದರಿಂದ ತಿಳಿಯುತ್ತದೆ. ಕಡ್ಡಿಗಳು ಪೂರ್ತಿ ಕಾಣುವುದು ಲ್ಯಾಪ್‌ಟಾಪಿಗೂ ಎಕ್ಸ್‌ಟೆಂಡರಿಗೂ ನಡುವಿನ ಸಿಗ್ನಲ್. ಎಕ್ಸ್‌ಟೆಂಡರಿಗೂ ಪಡಸಾಲೆಯ ಡಬ್ಬಿಗೂ ನಡುವೆ ಏನು ನಡೆಯುತ್ತಿದೆ ಅನ್ನುವುದನ್ನು ಆ ಕಡ್ಡಿಗಳು ಹೇಳುವುದಿಲ್ಲ. ಅಲ್ಲಿ ಅದೇ ಕಲ್ಲಿನ ಗೋಡೆ ಇದೆ. ಮೇಲಾಗಿ ಕಡಿಮೆ ಬೆಲೆಯ ಎಕ್ಸ್‌ಟೆಂಡರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಳ್ಳಬೇಕು, ಅದರಲ್ಲೇ ಮುಂದಕ್ಕೂ ಹೇಳಬೇಕು. ಬಂದ ವೇಗದಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಹೋಗುತ್ತದೆ.

ಮೆಶ್ ಕೆಟ್ಟದ್ದೇನಲ್ಲ, ಅಳಿಯಂದಿರು ಹೇಳಿದ್ದರಲ್ಲಿ ತಪ್ಪಿಲ್ಲ. ಬಾಗಲಕೋಟೆಯ ನವನಗರದಲ್ಲಿ ಇಟ್ಟಿಗೆ ಗೋಡೆಯ ಹೊಸ ಮನೆ ಇದ್ದರೆ ನಾನೂ ಮೆಶ್ ತಗೊಳ್ಳಿ ಅನ್ನುತ್ತಿದ್ದೆ. ಒಂದು ಇಟ್ಟಿಗೆ ಗೋಡೆಯ ಆಚೆಯೂ ಮೆಶ್ ಡಬ್ಬಿಗಳು ಚೆನ್ನಾಗಿ ಮಾತಾಡಿಕೊಳ್ಳುತ್ತವೆ. ನಿಮ್ಮಲ್ಲಿ ಮೆಶ್ ಡಬ್ಬಿಗಳ ನಡುವೆಯೂ ಅದೇ ಎರಡು ಅಡಿ ಕಲ್ಲು ನಿಲ್ಲುತ್ತದೆ. ಆ ಡಬ್ಬಿಗಳನ್ನು ಕೇಬಲ್‌ನಿಂದ ಜೋಡಿಸಿದರೆ ಮೆಶ್ ಬಹಳ ಚೆನ್ನಾಗಿ ಓಡುತ್ತದೆ, ಆದರೆ ಕೇಬಲ್ ಎಳೆದ ಮೇಲೆ ಎಂಟು ಹತ್ತು ಸಾವಿರ ಯಾಕೆ ಕೊಡಬೇಕು? ಸಾದಾ ರೂಟರೇ ಆ ಕೆಲಸ ಮಾಡುತ್ತದೆ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಮಗಳು ತನ್ನ ಲ್ಯಾಪ್‌ಟಾಪನ್ನು ಪಡಸಾಲೆಗೆ ತಂದು, ಡಬ್ಬಿಯ ಹಿಂದಿನ ಲ್ಯಾನ್ ಪೋರ್ಟಿಗೆ, ಅಂದರೆ ನೆಟ್ ಕೇಬಲ್ ಸಿಕ್ಕಿಸುವ ತೂತಿಗೆ, ನೇರವಾಗಿ ಕೇಬಲ್ ಚುಚ್ಚಲಿ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ಓಡಿಸಲಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತು ಗಂಟೆಗೆ ಒಮ್ಮೆ. 150ರ ಆಸುಪಾಸು ಬಂದರೆ ಹೊರಗಿನಿಂದ ಬರುವ ಲೈನ್ ಸರಿಯಿದೆ, ತೊಂದರೆ ಮನೆಯೊಳಗಿನದೇ. ಪ್ರತಿ ಸಲವೂ 94 ಅಥವಾ 95ಕ್ಕೆ ನಿಂತುಬಿಟ್ಟರೆ ಅದು ಲೈನಿನ ದೋಷವಲ್ಲ. ಡಬ್ಬಿಯ ಆ ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್‌ನಲ್ಲಿ ಒಂದು ಜೋಡಿ ತಂತಿ ಕಟ್ಟಾಗಿದೆ. ಕೆಲವು ಡಬ್ಬಿಗಳಲ್ಲಿ ಒಂದೇ ಒಂದು ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್), ಉಳಿದವು 100ರವು. ಗಿಗಾಬಿಟ್ ಪೋರ್ಟ್ ಪಕ್ಕ ಸಾಮಾನ್ಯವಾಗಿ ಹಾಗಂತ ಬರೆದಿರುತ್ತದೆ, ಅಥವಾ ಅದರ ಬಣ್ಣ ಬೇರೆ ಇರುತ್ತದೆ. ಮೇಲಿನ ಖೋಲಿಗೆ ಹೋಗುವ ಕೇಬಲ್ ಅದಕ್ಕೇ ಸಿಕ್ಕಿಸಬೇಕು.

ನೇರ ಕೇಬಲ್‌ನಲ್ಲೂ ಮೂವತ್ತು ನಲವತ್ತೇ ಬರುತ್ತಿದ್ದರೆ ಏನೂ ಕೊಳ್ಳಬೇಡಿ. ಮೊದಲು ಕನೆಕ್ಷನ್ ಕೊಟ್ಟವರನ್ನು ಕರೆಸಿ. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಶಕ್ತಿ ಎಷ್ಟು ಬರುತ್ತಿದೆ ಎಂದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಅದು ಮೈನಸ್ ಅಂಕಿ. ಮೈನಸ್ 18, ಮೈನಸ್ 22 ಇದ್ದರೆ ಆರಾಮ. ಮೈನಸ್ 27ರ ಹತ್ತಿರ ಹೋಗಿದ್ದರೆ ಎಲ್ಲೋ ಜಾಯಿಂಟ್ ಸಡಿಲ ಇದೆ, ಇಲ್ಲವೇ ಫೈಬರ್ ಬಿಗಿಯಾಗಿ ಮಡಚಿದೆ. ನಿಮ್ಮ ಡಬ್ಬಿ ಟಿವಿ ಹಿಂದೆ ಇದೆ ಅಂದಿರಿ. ಟಿವಿ ಸರಿಸುವಾಗ ಆ ತೆಳ್ಳನೆಯ ಫೈಬರ್ ಮುರಿದಂತೆ ಮಡಚಿಕೊಂಡಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೆ ಅಂಗೈ ಅಗಲದ ಸುತ್ತು ಬೇಕು, ಅದಕ್ಕಿಂತ ಬಿಗಿ ಮಾಡಬಾರದು. ಡಬ್ಬಿಯನ್ನು ಟಿವಿ ಹಿಂದಿನಿಂದ ಹೊರಗೆ ತಂದು ಗೋಡೆಗೆ ಎದೆಯೆತ್ತರದಲ್ಲಿ ಹಾಕಿಸಿ. ಟಿವಿಯ ಹಿಂಭಾಗದ ಲೋಹದ ಹಾಳೆ ವೈಫೈಗೆ ಅಡ್ಡ ಬರುತ್ತದೆ. ಈ ಒಂದು ಕೆಲಸಕ್ಕೆ ಖರ್ಚೇನೂ ಇಲ್ಲ, ಪಡಸಾಲೆ ಮತ್ತು ಅಂಗಳದಲ್ಲಿ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಈಗ ಕೇಬಲ್ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೋಸ ಹೋಗುವುದು ಇಲ್ಲಿಯೇ.

ಅಂಗಡಿಯಲ್ಲಿ ಕ್ಯಾಟ್ 6 ಅಂತ ಕೇಳಿ. ಕ್ಯಾಟ್ ಅನ್ನುವುದು ನೆಟ್ ಕೇಬಲ್ಲಿನ ದರ್ಜೆ. ಕ್ಯಾಟ್ 5ಇ ಕೂಡ 100 ಮೀಟರಿನವರೆಗೆ 1 ಗಿಗಾಬಿಟ್ ಒಯ್ಯುತ್ತದೆ, ಅದೇನೂ ಕಳಪೆಯಲ್ಲ. ಆದರೆ ಗೋಡೆ ಕೊರೆದು ಹಾಕುವಾಗ ಬೆಲೆಯಲ್ಲಿ ಇರುವ ಚೂರು ವ್ಯತ್ಯಾಸ ನೋಡಬಾರದು. ಕ್ಯಾಟ್ 6 ಸುಮಾರು 55 ಮೀಟರಿನ ತನಕ 10 ಗಿಗಾಬಿಟ್ಟನ್ನೂ ತಡೆಯುತ್ತದೆ. ನಾಳೆ ಮೊಮ್ಮಕ್ಕಳ ಕಾಲಕ್ಕೂ ಆಗುತ್ತದೆ. ಕ್ಯಾಟ್ 7, ಕ್ಯಾಟ್ 8 ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕ್ಯಾಟ್ ಎಷ್ಟು ಅನ್ನುವುದಕ್ಕಿಂತ ಒಳಗಿನ ತಂತಿ ಯಾವುದು ಅನ್ನುವುದು ಮುಖ್ಯ. ಮಾರುಕಟ್ಟೆಯಲ್ಲಿ ಸಿಸಿಎ ಅಂತ ಒಂದು ಜಾತಿ ಇದೆ. ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ತೆಳು ಲೇಪ. ನೋಡಲು ತಾಮ್ರವೇ, ಬೆಲೆ ಅರ್ಧ. ಸುರುಳಿ ಮೇಲೂ ಕ್ಯಾಟ್ 6 ಅಂತಲೇ ಬರೆದಿರುತ್ತಾರೆ. ಒಂದು ಎಳೆಯನ್ನು ಸುಲಿದು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ. ಇನ್ನೊಂದು ಗುರುತು, ಕೈಯಲ್ಲಿ ಹಿಡಿದರೆ ಹಗುರ ಅನಿಸುತ್ತದೆ, ಎರಡು ಮೂರು ಸಲ ಹಿಂದೆ ಮುಂದೆ ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ಹಾಕಿದ ದಿನ ಅದೂ ಕೆಲಸ ಮಾಡುತ್ತದೆ. ವರ್ಷ ಎರಡು ವರ್ಷಕ್ಕೆ ಪಿನ್ ಹತ್ತಿರ ಹಿಡಿತ ಸಡಿಲವಾಗಿ ವೇಗ 100ಕ್ಕೆ ಬೀಳುತ್ತದೆ, ಆಮೇಲೆ ಬಿಟ್ಟು ಬಿಟ್ಟು ಬರುತ್ತದೆ. ಕ್ಯಾಮೆರಾಕ್ಕೆ ಇದೇ ತಂತಿಯಲ್ಲಿ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ. ನಿಜವಾದ ತಾಮ್ರದ ಕ್ಯಾಟ್ 6ಕ್ಕೆ ಮೀಟರಿಗೆ ಸುಮಾರು ಇಪ್ಪತ್ತೈದರಿಂದ ನಲವತ್ತು ರೂಪಾಯಿ ಹಿಡಿಯಿರಿ. ಹತ್ತು ಹನ್ನೆರಡಕ್ಕೆ ಕೊಡುತ್ತೇನೆ ಅಂದರೆ ಅದು ಯಾವುದು ಅಂತ ನಿಮಗೀಗ ಗೊತ್ತು.

ಒಂದು ಕೇಬಲ್ ಎಳೆಯುವ ದಾರಿಯಲ್ಲಿ ಎರಡು ಎಳೆಸಿ. ಕೂಲಿ ಒಂದೇ, ರಂಧ್ರ ಒಂದೇ. ಒಂದು ಮೇಲಿನ ರೂಟರಿಗೆ, ಇನ್ನೊಂದು ನೇರವಾಗಿ ಮಗಳ ಮೇಜಿಗೆ. ಅವಳ ಕೆಲಸದ ಲ್ಯಾಪ್‌ಟಾಪ್ ದಿನವಿಡೀ ಒಂದೇ ಕಡೆ ಇರುತ್ತದೆ. ಕೂತಲ್ಲೇ ಕೂರುವ ಯಾವುದೇ ಸಾಧನಕ್ಕೆ ವೈರ್ ಕೊಡಿ, ಟಿವಿಗೂ ಕೂಡ. ಓಡಾಡುವ ಮೊಬೈಲಿಗೆ ವೈಫೈ ಬಿಡಿ. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಗಿಗಾಬಿಟ್ ಅಡಾಪ್ಟರ್ ಸಾವಿರದ ಆಸುಪಾಸಿಗೆ ಸಿಗುತ್ತದೆ. ಮೀಟಿಂಗ್ ನಡುವೆ ಕಟ್ಟಾಗುವ ಕಾಟ ಅಲ್ಲಿಗೆ ಮುಗಿಯುತ್ತದೆ.

ಗೋಡೆ ಕೊರೆಯುವಾಗ ನೀವು ಹತ್ತಿರ ನಿಂತಿರಿ. ಕಲ್ಲಿನ ನಡುವೆ ಕೊರೆಯಲು ಬಿಡಬೇಡಿ, ಎರಡು ಕಲ್ಲು ಸೇರುವ ಗಾರೆಯ ಸಂದಿಯಲ್ಲಿ ಕೊರೆಯಲಿ. ಗಾರೆ ಮೆತ್ತಗೆ, ಬಿಟ್ ಸುಲಭವಾಗಿ ಹೋಗುತ್ತದೆ, ಕಲ್ಲು ಸೀಳುವ ಭಯ ಇಲ್ಲ. ಎರಡು ಅಡಿ ಗೋಡೆಗೆ ಅದಕ್ಕಿಂತ ಉದ್ದದ ಬಿಟ್ ಬೇಕು. ಎಲ್ಲ ವೈರ್‌ಮನ್ ಹತ್ತಿರ ಅದು ಇರುವುದಿಲ್ಲ, ಮೊದಲೇ ಕೇಳಿ. ನಡುವಿನ ಮಣ್ಣಿನ ಪದರ ಬಂದಾಗ ರಂಧ್ರ ಒಳಗೇ ಕುಸಿಯುತ್ತದೆ. ಅದಕ್ಕೆ ಕೊರೆದ ಕೂಡಲೇ ಒಂದು ಪಿವಿಸಿ ಪೈಪ್ ತುಂಡು ತೂರಿಸಿ, ಕೇಬಲ್ ಅದರೊಳಗಿಂದ ಹೋಗಲಿ. ಹೊರಗೋಡೆಯಾದರೆ ರಂಧ್ರ ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ. ಇಲ್ಲದಿದ್ದರೆ ಮಳೆ ನೀರು ಪೈಪಿನಲ್ಲೇ ಪಡಸಾಲೆಗೆ ಬರುತ್ತದೆ. ಹಳೆಯ ತೊಲೆ ಜಂತೆಗಳ ಪಕ್ಕ ಬಿಚ್ಚು ಕೇಬಲ್ ಬಿಡಬೇಡಿ, ಇಲಿಗಳು ಬಿಡುವುದಿಲ್ಲ. ಪೂರ್ತಿ ಪೈಪಿನಲ್ಲೇ ಹೋಗಲಿ. ಕರೆಂಟ್ ವೈರ್ ಇರುವ ಪೈಪಿನಲ್ಲೇ ಇದನ್ನೂ ತೂರಿಸುತ್ತೇನೆ ಅಂತ ವೈರ್‌ಮನ್ ಹೇಳಿದರೆ ಖಂಡಿತ ಬೇಡ ಅನ್ನಿ. ಅದು ಅಪಾಯ, ಸಿಗ್ನಲ್ ಕೂಡ ಕೆಡುತ್ತದೆ. ಒಂದು ಅಡಿಯಾದರೂ ಅಂತರ ಇರಲಿ. ಹೊರಗೆ ಬಿಸಿಲಿಗೆ ಬೀಳುವ ಭಾಗಕ್ಕೆ ಹೊರಾಂಗಣದ ಕಪ್ಪು ಕೇಬಲ್ ಕೇಳಿ. ಮಾಮೂಲಿ ನೀಲಿ, ಬೂದು ಕೇಬಲ್‌ನ ತೊಗಲು ನಮ್ಮ ಬಿಸಿಲಿಗೆ ಕೆಲವೇ ವರ್ಷದಲ್ಲಿ ಒಡೆಯುತ್ತದೆ.

ತುದಿಗೆ ಕನೆಕ್ಟರ್ ಹಾಕುವಾಗ ಎಂಟೂ ತಂತಿ ಸರಿಯಾದ ಸಾಲಿನಲ್ಲಿ ಕೂರಬೇಕು. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹಾಗಾಗಿ ಒಂದು ತಂತಿ ತಪ್ಪಿದರೂ ಎಷ್ಟೋ ಸಲ ನೆಟ್ ಬರುತ್ತದೆ, ಆದರೆ 94ಕ್ಕೆ ನಿಲ್ಲುತ್ತದೆ, ಕೆಲಸಗಾರ ಎಲ್ಲ ಸರಿಯಿದೆ ಅಂತ ಹೊರಡುತ್ತಾನೆ. ಅವನು ಹೊರಡುವ ಮೊದಲು ಟೆಸ್ಟರ್ ಹಚ್ಚಿ ಎಂಟೂ ದೀಪ ಒಂದರ ನಂತರ ಒಂದು ಉರಿಯುವುದನ್ನು ತೋರಿಸಲಿ. ಲ್ಯಾಪ್‌ಟಾಪಿನ ನೆಟ್‌ವರ್ಕ್ ಪುಟದಲ್ಲಿ ಲಿಂಕ್ ವೇಗ 1000 ಅಂತ ಬಂದರೆ ದುಡ್ಡು ಕೊಡಿ.

ರೂಟರ್ ಆಯ್ಕೆ ಇನ್ನು ಸುಲಭ. ವೈಫೈ 6 ಇರಲಿ. ರೂಟರ್ ಬರುವ ಪೆಟ್ಟಿಗೆಯ ಮೇಲೆ ಎಎಕ್ಸ್ 1500 ಅಥವಾ ಎಎಕ್ಸ್ 3000 ಅಂತ ಇರುತ್ತದೆ. ಈ ಸಂಖ್ಯೆ ನೋಡಿ ಮರುಳಾಗಬೇಡಿ. ಎಎಕ್ಸ್ 1500 ಅಂದರೆ 2.4 ಬ್ಯಾಂಡಿನ 300 ಮತ್ತು 5 ಬ್ಯಾಂಡಿನ 1200 ಸೇರಿಸಿ ಬರೆದ ಲೆಕ್ಕ. ಒಂದು ಮೊಬೈಲಿಗೆ ಎರಡೂ ಕೂಡಿ ಸಿಗುವುದಿಲ್ಲ, ಕಾಗದದ ಮೇಲಿನ ಆ ವೇಗದಲ್ಲಿ ನಿಜಕ್ಕೂ ಸಿಗುವುದು ಹೆಚ್ಚೆಂದರೆ ಅರ್ಧ ಮುಕ್ಕಾಲು. ನಿಮ್ಮ 150ಕ್ಕೆ ಅದೂ ಧಾರಾಳ. ವೈಫೈ 7 ಬಂದಿದೆ, ಒಳ್ಳೆಯದೇ, ನಿಮಗೆ ಈಗ ಬೇಕಿಲ್ಲ.

ಕೊಳ್ಳುವಾಗ ಎರಡು ಸಂಗತಿ ಮಾತ್ರ ಖಚಿತ ಮಾಡಿಕೊಳ್ಳಿ. ಎಲ್ಲ ಪೋರ್ಟ್‌ಗಳೂ ಗಿಗಾಬಿಟ್ ಇರಬೇಕು. ವೈಫೈ 6ಕ್ಕಿಂತ ಹಳೆಯ, ಎಸಿ 1200 ಅನ್ನುವ ಎಷ್ಟೋ ಅಗ್ಗದ ಮಾದರಿಗಳಲ್ಲಿ ವೈಫೈ 867ರದು, ಆದರೆ ಹಿಂದಿನ ಪೋರ್ಟ್ 100ರದು! ಎರಡನೆಯದು, ಆಕ್ಸೆಸ್ ಪಾಯಿಂಟ್ ಮೋಡ್ ಇರಬೇಕು. ಇವೆರಡೂ ಇರುವ ವೈಫೈ 6 ರೂಟರ್ ಎರಡೂವರೆಯಿಂದ ನಾಲ್ಕು ಸಾವಿರದೊಳಗೆ ಸಿಗುತ್ತದೆ.

ಆಕ್ಸೆಸ್ ಪಾಯಿಂಟ್ ಮೋಡ್ ಯಾಕೆ ಅಂದರೆ, ಪಡಸಾಲೆಯ ಡಬ್ಬಿ ಕೂಡ ಒಂದು ರೂಟರೇ. ಮನೆಯ ಎಲ್ಲ ಸಾಧನಗಳಿಗೆ ವಿಳಾಸ ಹಂಚುವ ಕೆಲಸ ಅದರದು. ಮೇಲಿನದೂ ಅದೇ ಕೆಲಸಕ್ಕೆ ಇಳಿದರೆ ಮನೆಯೊಳಗೆ ಎರಡು ನೆಟ್‌ವರ್ಕ್ ಆಗುತ್ತವೆ. ಮೊಬೈಲಿನಿಂದ ಟಿವಿ ಕಾಣುವುದಿಲ್ಲ, ಕ್ಯಾಮೆರಾ ಸಿಗುವುದಿಲ್ಲ, ಕಂಪನಿಯ ವಿಪಿಎನ್ (ಕಚೇರಿಯ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ತಕರಾರು ಮಾಡಬಹುದು. ಆಕ್ಸೆಸ್ ಪಾಯಿಂಟ್ ಮಾಡಿದರೆ ಅದು ಬರೀ ವೈಫೈ ಹರಡುತ್ತದೆ, ಯಜಮಾನಿಕೆ ಕೆಳಗಿನ ಡಬ್ಬಿಯದೇ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ಮೊಬೈಲ್ ಸಾಮಾನ್ಯವಾಗಿ ತಾನಾಗಿ ಹತ್ತಿರದ್ದನ್ನು ಹಿಡಿಯುತ್ತದೆ. 2.4 ಬ್ಯಾಂಡಿನಲ್ಲಿ ಕೆಳಗಿನದಕ್ಕೆ ಚಾನಲ್ 1, ಮೇಲಿನದಕ್ಕೆ 6 ಅಥವಾ 11 ಇಡಿ, ಚಾನಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಬೆಳಗಾವಿಯ ಟಿಳಕವಾಡಿಯ ಅಪಾರ್ಟ್‌ಮೆಂಟಿನಲ್ಲಿ ಇದ್ದಿದ್ದರೆ ಅಕ್ಕಪಕ್ಕದವರ ವೈಫೈ ಗದ್ದಲದ ಬಗ್ಗೆ ಇನ್ನೂ ನಾಲ್ಕು ಮಾತು ಹೇಳಬೇಕಾಗುತ್ತಿತ್ತು. ನಿಮ್ಮ ಓಣಿಯಲ್ಲಿ ಕಲ್ಲಿನ ಗೋಡೆಗಳೇ ಅದನ್ನು ತಡೆಯುತ್ತವೆ.

ಮಗ್ಗದ ಶೆಡ್ಡಿನ ಬಗ್ಗೆ ಎಚ್ಚರದಿಂದ ಓದಿ. 40 ಮೀಟರ್ ಅಂದರೆ ತಾಮ್ರದ ಕೇಬಲ್‌ನ 100 ಮೀಟರ್ ಮಿತಿಯೊಳಗೇ ಇದೆ. ಹಾಕಬಹುದು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಕಬೇಡಿ ಅನ್ನುತ್ತೇನೆ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಕಡೆ ಗುಡುಗು ಸಿಡಿಲಿನ ಮಳೆ ಹೇಗೆ ಬರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಹೊರಗೆ ಎಳೆದ ತಾಮ್ರದ ತಂತಿಯಲ್ಲಿ, ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಸಾಕು, ವೋಲ್ಟೇಜ್ ಹುಟ್ಟುತ್ತದೆ. ಅದು ಎರಡೂ ತುದಿಯ ಸಾಧನಗಳನ್ನು ಸುಡಬಹುದು. ರೂಟರ್ ಹೋದರೆ ಹೋಯಿತು, ಅದರ ಹಿಂದೆಯೇ ಮಗಳ ಲ್ಯಾಪ್‌ಟಾಪೂ ಇರುತ್ತದೆ.

ಅಲ್ಲಿಗೆ ಫೈಬರ್ ಹಾಕಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ನಿಮ್ಮ ಮನೆಗೆ ಕನೆಕ್ಷನ್ ಕೊಟ್ಟ ಹುಡುಗರೇ ಐವತ್ತು ಮೀಟರ್ ಡ್ರಾಪ್ ಫೈಬರ್ ಎಳೆದು ಎರಡೂ ತುದಿಗೆ ಕನೆಕ್ಟರ್ ಹಾಕಿಕೊಡುತ್ತಾರೆ. ಲೋಹದ ಆಧಾರ ತಂತಿ ಇಲ್ಲದ ಫೈಬರ್ ಕೇಳಿ, ಇಲ್ಲದಿದ್ದರೆ ಆ ತಂತಿಯನ್ನು ಎರಡೂ ಕಡೆ ಗೋಡೆಯ ಹೊರಗೇ ಕತ್ತರಿಸಿಸಿ. ಮನೆಯ ಕಡೆ ಒಂದು, ಶೆಡ್ಡಿನ ಕಡೆ ಒಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ತಾಮ್ರದ ಕೇಬಲ್ಲಿನ ಸಿಗ್ನಲನ್ನೂ ಒಂದಕ್ಕೊಂದು ಬದಲಿಸುವ ಸಾಧನ) ಬೇಕು. ಜೋಡಿಯಾಗಿಯೇ ಕೊಳ್ಳಬೇಕು, ಒಂದೇ ಎಳೆಯಲ್ಲಿ ಓಡುವ ಮಾದರಿಯಲ್ಲಿ ಒಂದು ಎ, ಇನ್ನೊಂದು ಬಿ ಅಂತ ಇರುತ್ತದೆ. ಫೈಬರ್ ಸೇರಿ ಮೂರು ಸಾವಿರದ ಆಸುಪಾಸು ಖರ್ಚು. ಈಗ ವ್ಯರ್ಥವಾಗಿರುವ ನಿಮ್ಮ ಎಕ್ಸ್‌ಟೆಂಡರ್ ಶೆಡ್ಡಿನಲ್ಲಿ ಉಪಯೋಗಕ್ಕೆ ಬರಬಹುದು. ಅದಕ್ಕೆ ಲ್ಯಾನ್ ಪೋರ್ಟ್ ಇದ್ದು ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅಲ್ಲಿಗೆ ಅದೇ ಸಾಕು. ಮಗ್ಗದ ಹತ್ತಿರ ಡಿಸೈನ್ ಫೋಟೋ ಕಳಿಸಲು, ಯುಪಿಐ ನೋಡಲು ದೊಡ್ಡ ವೇಗ ಬೇಡ. ಎದುರುಬದುರು ಆಂಟೆನಾ ಇಟ್ಟು ಗಾಳಿಯಲ್ಲೇ ಕಳಿಸುವ ಸಾಧನಗಳೂ ಇವೆ, ಆದರೆ ನಡುವೆ ಬೇವಿನ ಮರದ ಕೊಂಬೆ ಬಂದರೂ ಸಿಗ್ನಲ್ ಕುಗ್ಗುತ್ತದೆ.

ಕ್ಯಾಮೆರಾಗಳನ್ನು ಎರಡನೆಯ ಹಂತಕ್ಕೆ ಇಡಿ. ಹಾಕಿಸುವಾಗ ವೈಫೈ ಕ್ಯಾಮೆರಾ ಬೇಡ, ಪಿಒಇ ಕ್ಯಾಮೆರಾ ಹಾಕಿಸಿ. ಒಂದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ. ಒಂದು ಕ್ಯಾಮೆರಾ ಎರಡರಿಂದ ನಾಲ್ಕು ಎಂಬಿಪಿಎಸ್ ಹಗಲೂ ರಾತ್ರಿ ಕಳಿಸುತ್ತಲೇ ಇರುತ್ತದೆ. ನಾಲ್ಕು ಕ್ಯಾಮೆರಾ ವೈಫೈ ಮೇಲೆ ಕೂತರೆ ಮೊಬೈಲುಗಳಿಗೆ ಜಾಗ ಕಡಿಮೆ. ವೈರಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಈ ಕೇಬಲ್‌ಗಳನ್ನೆಲ್ಲ ಒಂದೆಡೆ ಸೇರಿಸುವ ನೆಟ್‌ವರ್ಕ್ ಸ್ವಿಚ್ ಕೊಳ್ಳುವಾಗ 802.3ಎಎಫ್ ಅಂತ ಬರೆದಿರುವುದನ್ನು ಕೊಳ್ಳಿ. ಅದು ಎದುರಿನ ಸಾಧನಕ್ಕೆ ಕರೆಂಟ್ ಬೇಕೋ ಬೇಡವೋ ಕೇಳಿ ಆಮೇಲೆ ಕೊಡುತ್ತದೆ. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ, ಇದನ್ನು ದಯವಿಟ್ಟು ಮರೆಯಬೇಡಿ.

ಕರೆಂಟ್ ಹೋದಾಗ ಏನು ಮಾಡಬೇಕು? ಒಂದು ಒಳ್ಳೆಯ ಸುದ್ದಿ ಇದೆ. ಫೈಬರ್ ಲೈನ್ ಅವರ ಕಚೇರಿಯಿಂದ ನಿಮ್ಮ ಮನೆಯವರೆಗೆ ಬರುವ ದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗಳಿಗೆ ಕರೆಂಟೇ ಬೇಡ. ಅವರ ಕಡೆ ಬ್ಯಾಟರಿ ಇದ್ದು, ನಿಮ್ಮ ಡಬ್ಬಿಗೂ ಕರೆಂಟ್ ಸಿಕ್ಕರೆ ಊರೆಲ್ಲ ಕತ್ತಲಾದರೂ ನೆಟ್ ಇರುತ್ತದೆ. ಡಬ್ಬಿ ಮತ್ತು ರೂಟರ್ ಎರಡೂ ಹೆಚ್ಚಾಗಿ 12 ವೋಲ್ಟ್ ಡಿಸಿಯಲ್ಲಿ ಓಡುತ್ತವೆ. ರೂಟರಿಗಾಗಿಯೇ ಬರುವ ಮಿನಿ ಯುಪಿಎಸ್ ಸಾವಿರದಿಂದ ಸಾವಿರದೈನೂರಕ್ಕೆ ಸಿಗುತ್ತದೆ. ಪಡಸಾಲೆಗೆ ಒಂದು, ಮೇಲಕ್ಕೆ ಒಂದು. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಎಷ್ಟಿದೆಯೋ ಅಷ್ಟೇ ಇರಬೇಕು, ಆಂಪಿಯರ್ ಅದಕ್ಕಿಂತ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. 9 ವೋಲ್ಟಿನ ಸಾಧನಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಗುಂಡಿ ಇರುತ್ತದೆ. ಅದನ್ನು ಹಾಕಿದರೆ ಕರೆಂಟ್ ಬದಲಾಗುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಮೊದಲು ಅದನ್ನು ನೋಡಿ, ಆಗ ಮಿನಿ ಯುಪಿಎಸ್ ದುಡ್ಡು ಉಳಿಯಬಹುದು.

ಮೇಲಿನ ಖೋಲಿಯ ಶಾಖದ ಬಗ್ಗೆ ನನಗೆ ಚಿಂತೆ ಇದೆ. ಮನೆಬಳಕೆಯ ರೂಟರ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿಯವರೆಗಿನ ಶಾಖಕ್ಕೆ ಮಾಡಿರುತ್ತಾರೆ. ಬಾಗಲಕೋಟೆ, ವಿಜಯಪುರದ ಮೇ ತಿಂಗಳಲ್ಲಿ ನೆರಳಲ್ಲೇ ಅಷ್ಟಾಗುತ್ತದೆ. ಸ್ಲ್ಯಾಬ್ ಕೆಳಗಿನ ಖೋಲಿ ಇನ್ನೂ ಕಾಯುತ್ತದೆ. ಕಾದ ರೂಟರ್ ಮಧ್ಯಾಹ್ನ ಎರಡು ಮೂರು ಗಂಟೆಗೆ ನಿಂತುಬಿಡುತ್ತದೆ, ಸಂಜೆ ತಾನೇ ಸರಿಯಾಗುತ್ತದೆ. ಎಲ್ಲರೂ ಕಂಪನಿಯನ್ನು ಬೈಯುತ್ತಾರೆ! ಆದ್ದರಿಂದ ರೂಟರನ್ನು ಕಪಾಟಿನೊಳಗೆ ಇಡಬೇಡಿ, ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ, ಬಿಸಿಲು ಬೀಳುವ ಪಶ್ಚಿಮದ ಗೋಡೆಗೆ ಹಾಕಬೇಡಿ. ಚಾವಣಿಯಿಂದ ಎರಡು ಅಡಿ ಕೆಳಗೆ, ಫ್ಯಾನ್ ಗಾಳಿ ಬರುವ ಕಡೆ ಗೋಡೆಗೆ ತೂಗುಹಾಕಿ. ಸಾಧ್ಯವಿದ್ದರೆ ಮೆಟ್ಟಿಲ ಮೇಲಿನ ಗೋಡೆಗೆ ಹಾಕಿ. ಅಲ್ಲಿಂದ ಕೆಳಗಿನ ಬೆಡ್‌ರೂಮ್, ಅಡುಗೆ ಮನೆಗೂ ವೈಫೈ ಇಳಿಯುತ್ತದೆ.

ಲೆಕ್ಕ ಹಾಕಿದರೆ, ಎರಡು ಕೇಬಲ್, ಪೈಪ್, ಕೂಲಿ ಸೇರಿ ನಾಲ್ಕು ಸಾವಿರ. ರೂಟರ್ ಮೂರೂವರೆ. ಪಡಸಾಲೆಯ ಡಬ್ಬಿಯಲ್ಲಿ ಗಿಗಾಬಿಟ್ ಪೋರ್ಟ್ ಒಂದೇ ಇದ್ದರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾವಿರದಿಂದ ಸಾವಿರದೈನೂರು. ಶೆಡ್ಡಿನ ಫೈಬರ್ ಮೂರು. ಮಿನಿ ಯುಪಿಎಸ್ ಎರಡೂವರೆ. ಹದಿನೈದರೊಳಗೆ ಮುಗಿಯುತ್ತದೆ. ಅಂಗಡಿ ಅಂಗಡಿಗೆ ಬೆಲೆ ಸ್ವಲ್ಪ ಆಚೀಚೆ ಇರುತ್ತದೆ. ಒಂದೇ ಸಲ ಆಗದಿದ್ದರೆ ಮೊದಲು ಕೇಬಲ್ ಮತ್ತು ಮಗಳ ಮೇಜಿನ ಸಂಪರ್ಕ, ಮುಂದಿನ ತಿಂಗಳು ರೂಟರ್, ಅಡ್ಡಮಳೆ ಶುರುವಾಗುವ ಮೊದಲು ಶೆಡ್ಡಿನ ಫೈಬರ್.

ಹಳೆಯ ಎಕ್ಸ್‌ಟೆಂಡರನ್ನು ಮಾತ್ರ ಮೇಲಿನ ಖೋಲಿಯಲ್ಲಿ ಹಾಗೇ ಉರಿಯಲು ಬಿಡಬೇಡಿ. ಹೊಸ ರೂಟರ್ ಹಾಕಿದ ದಿನವೇ ಅದನ್ನು ತೆಗೆಯಿರಿ. ಇಲ್ಲದಿದ್ದರೆ ಮೊಬೈಲುಗಳು ರೂಢಿಯಂತೆ ಅದನ್ನೇ ಹಿಡಿದುಕೊಂಡು, ಇಷ್ಟೆಲ್ಲ ಖರ್ಚು ಮಾಡಿದರೂ ಏನೂ ಬದಲಾಗಲಿಲ್ಲ ಅಂತ ನೀವು ನನಗೆ ಮತ್ತೆ ಬರೆಯಬೇಕಾಗುತ್ತದೆ.